ಭರಣಿಗೆ ಒದ್ದೆ ಸೌಟು ಹಾಕಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ಒಂದೇ ಲಿನಕ್ಸ್ ಯಂತ್ರದಲ್ಲಿ ಪೈಥಾನೋ, ನೋಡ್ ಜೆಎಸ್ಸೋ, ಜಾವಾನೋ ಎರಡು ಮೂರು ಆವೃತ್ತಿ ಬೇಕು, ಹಾಕಲು ಹೋಗಿ ಏನೋ ಕೆಟ್ಟಿದೆ. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಎಂದಿನಂತೆ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನಲ್ಲಿ ಮಾಡಿ. ಹೋದ ವರ್ಷ ಒಬ್ಬರು ಕನ್ನಡದಲ್ಲೇ ಟೈಪ್ ಮಾಡಿ, 'ನಿಮ್ಮ ಕಮಾಂಡ್ ಕೆಲಸ ಮಾಡಲ್ಲ ಸ್ವಾಮಿ' ಅಂತ ಬರೆದಿದ್ದರು.

ಪ್ರಶ್ನೆ: ನಾನು ಬಿಇ ಕೊನೇ ವರ್ಷದ ವಿದ್ಯಾರ್ಥಿ. ಲ್ಯಾಪ್‌ಟಾಪಿನಲ್ಲಿ ಉಬುಂಟು 22.04 ಇದೆ. ಪ್ರಾಜೆಕ್ಟಿಗೆ ಪೈಥಾನ್ 3.12 ಬೇಕಿತ್ತು. ಒಂದು ವಿಡಿಯೊ ನೋಡಿಕೊಂಡು ಹಾಕಿದೆ. ಕೊನೆಯಲ್ಲಿ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಕಮಾಂಡ್ ಕೊಟ್ಟು, ಪೈಥಾನ್3 ಅಂದರೆ 3.12 ಅನ್ನುವ ಹಾಗೆ ಮಾಡಿದೆ. ಅವತ್ತಿನಿಂದ ಟರ್ಮಿನಲ್ಲೇ ತೆರೆಯುತ್ತಿಲ್ಲ. ಐಕಾನ್ ಒತ್ತಿದರೆ ಒಂದು ಸುತ್ತು ತಿರುಗಿ ಸುಮ್ಮನಾಗುತ್ತದೆ. ಫಾರ್ಮ್ಯಾಟ್ ಮಾಡಬೇಕಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಫಾರ್ಮ್ಯಾಟ್ ಬೇಡ. ಹತ್ತು ನಿಮಿಷದ ಕೆಲಸ. ಇಷ್ಟು ಧೈರ್ಯವಾಗಿ ಯಾಕೆ ಹೇಳ್ತೀನಿ ಅಂದರೆ, ಇದೇ ತಪ್ಪನ್ನು ನಾನು ಒಂದು ಯಂತ್ರದಲ್ಲಲ್ಲ, ಮೂವತ್ತಾರು ಯಂತ್ರಗಳಲ್ಲಿ ಒಟ್ಟಿಗೆ ಮಾಡಿದವನು.

ಆಗ ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಉಬುಂಟು 18.04ರ ಕಾಲ. ಅದರ ಜೊತೆಗೆ ಬರುವುದು ಪೈಥಾನ್ 3.6. ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಮೇಷ್ಟ್ರೊಬ್ಬರು ಬಂದು, 'ಒಂದು ಪ್ರೋಗ್ರಾಮಿಗೆ 3.8 ಬೇಕಲ್ಲಪ್ಪ' ಅಂದರು. ನಾನು ಜಾಣತನ ತೋರಿಸಲು ಹೋಗಿ ಸಣ್ಣ ಸ್ಕ್ರಿಪ್ಟ್ ಬರೆದು, ಎಲ್ಲ ಯಂತ್ರಗಳಲ್ಲೂ 3.8 ಹಾಕಿ, ಪೈಥಾನ್3 ಎಂಬ ಹೆಸರನ್ನೂ ಅದಕ್ಕೇ ತಿರುಗಿಸಿದೆ. ಒಂದು ಯಂತ್ರದಲ್ಲಿ ಪರೀಕ್ಷಿಸಿಯೂ ನೋಡಿದೆ. ಆದರೆ ಅದರಲ್ಲಿ ಟರ್ಮಿನಲ್ ಮೊದಲೇ ತೆರೆದಿತ್ತು! ಮುಚ್ಚಿ ತೆರೆದು ನೋಡಲೇ ಇಲ್ಲ. ಬೀಗ ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಒಂಬತ್ತೂವರೆಗೆ ಮಕ್ಕಳು ಕೂತು ಐಕಾನ್ ಒತ್ತುತ್ತಾರೆ, ಒತ್ತುತ್ತಾರೆ, ಏನೂ ಬರುತ್ತಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಮುಖ ನೋಡುತ್ತಿದ್ದಾರೆ. ಆ ಬೆವರು ಇನ್ನೂ ನೆನಪಿದೆ.

ಆಗಿದ್ದೇನು ಅಂದರೆ, ಉಬುಂಟುವಿನಲ್ಲಿ ನೀವು ಒತ್ತುವ ಆ ಟರ್ಮಿನಲ್ ಐಕಾನಿನ ಹಿಂದೆ ಇರುವುದು ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟು. ಅದು ಓಡಿ, ನಿಜವಾದ ಟರ್ಮಿನಲ್ಲನ್ನು ಎಬ್ಬಿಸುತ್ತದೆ. ಅದರ ಮೊದಲ ಸಾಲಿನಲ್ಲೇ 'ನನ್ನನ್ನು /ಯುಎಸ್ಆರ್/ಬಿನ್/ಪೈಥಾನ್3 ಓಡಿಸಲಿ' ಅಂತ ಬರೆದಿರುತ್ತದೆ. ನೀವು ಆ ಹೆಸರಿನಲ್ಲಿ ಬೇರೆಯವರನ್ನು ತಂದು ಕೂರಿಸಿದಿರಿ. ಹೊಸಬರಿಗೆ ಪೈಥಾನ್ ಭಾಷೆ ಚೆನ್ನಾಗಿಯೇ ಗೊತ್ತು. ಆದರೆ ಸ್ಕ್ರಿಪ್ಟು ಕೇಳುವುದು 'ಜಿಐ' ಎಂಬ ಮಾಡ್ಯೂಲು, ಅದರ ಒಂದು ಭಾಗ ಸಿ ಭಾಷೆಯಲ್ಲಿ ಬರೆದು ಕಂಪೈಲ್ ಆದದ್ದು. ಆ ಫೈಲಿನ ಹೆಸರು ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಹೆಸರಿನ ನಡುವೆ 'ಸಿಪೈಥಾನ್-310' ಅಂತ ಇರುತ್ತದೆ. ಅಂದರೆ ಇದು 3.10ಕ್ಕೆ ಮಾತ್ರ. 3.12 ಬಂದರೆ ಆ ಫೈಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ, 'ಅಂಥ ಮಾಡ್ಯೂಲೇ ಇಲ್ಲ' ಅನ್ನುತ್ತದೆ.

'ಆಪ್ಟ್_ಪಿಕೆಜಿ' ಎಂಬ ಮಾಡ್ಯೂಲಿನ ಕಥೆಯೂ ಇದೇ. ಆಪ್ಟ್ ಅಂದರೆ ಉಬುಂಟು, ಡೆಬಿಯನ್‌ಗಳಲ್ಲಿ ಪ್ರೋಗ್ರಾಮುಗಳನ್ನು ಹಾಕುವ, ತೆಗೆಯುವ ಉಪಕರಣ. ನೀವು ಆಪ್ಟ್ ಅಪ್‌ಡೇಟ್ ಕೊಟ್ಟರೆ ಕೊನೆಯಲ್ಲಿ ಅದೇ ಹೆಸರಿನ ಎರರ್ ಬರುತ್ತದೆ, ಬೇಕಿದ್ದರೆ ನೋಡಿ. ತಪ್ಪು ಕಮಾಂಡ್ ಹೊಡೆದರೆ 'ಇದಕ್ಕೆ ಇಂಥ ಪ್ಯಾಕೇಜ್ ಹಾಕಿ' ಅನ್ನುವ ಸಲಹೆ, ಹೊಸ ರೆಪಾಸಿಟರಿ ಸೇರಿಸುವ ಆ್ಯಡ್-ಆಪ್ಟ್-ರೆಪಾಸಿಟರಿ, ಯುಎಫ್‌ಡಬ್ಲ್ಯು ಫೈರ್‌ವಾಲ್, ಎಲ್ಲ ಪೈಥಾನಿನಲ್ಲೇ ಬರೆದದ್ದು. 22.04ರ ಪಾಲಿಗೆ ಪೈಥಾನ್ 3.10 ಅನ್ನುವುದು ನಿಮ್ಮ ಕೋಡಿಗಾಗಿ ಇಟ್ಟ ಭಾಷೆಯಲ್ಲ. ಅದು ಸಿಸ್ಟಮ್ಮಿನ ಕೈಕಾಲು.

ಈಗ ರಿಪೇರಿ. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆ ಬಂದು ಹೆಸರು ಕೇಳುತ್ತದೆ. ಹೆದರಬೇಡಿ, ಅದಕ್ಕೆ ಪೈಥಾನ್ ಬೇಕಾಗಿಲ್ಲ. ಲಾಗಿನ್ ಆಗಿ ಮೊದಲು ವಿಡಿಯೊದವರು ಕಟ್ಟಿಸಿದ್ದನ್ನು ಬಿಚ್ಚಿ (ಸುಡೊ ಅಂದರೆ ರೂಟ್ ಎಂಬ ಯಜಮಾನನ ಅಧಿಕಾರದಲ್ಲಿ ಓಡಿಸು ಅಂತ):

ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ರಿಮೂವ್-ಆಲ್ ಪೈಥಾನ್3

ಇದರಿಂದ ಪೈಥಾನ್3 ಎಂಬ ಕೊಂಡಿಯೇ ಮಾಯವಾಗಬಹುದು. ಆಗಲಿ. ಮೊದಲಿದ್ದ ಹಾಗೆ ಕೈಯಿಂದಲೇ ಕಟ್ಟಿ:

ಸುಡೊ ಎಲ್‌ಎನ್ -ಎಸ್‌ಎಫ್ ಪೈಥಾನ್3.10 /ಯುಎಸ್ಆರ್/ಬಿನ್/ಪೈಥಾನ್3

ಆಮೇಲೆ ಆ ಕೊಂಡಿಯ ನಿಜವಾದ ವಾರಸುದಾರ ಪ್ಯಾಕೇಜನ್ನು ಮತ್ತೆ ಹಾಕಿಸಿ:

ಸುಡೊ ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್ ಪೈಥಾನ್3-ಮಿನಿಮಲ್

ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಡೆಸ್ಕ್‌ಟಾಪಿಗೆ ವಾಪಸ್ ಬನ್ನಿ. ಟರ್ಮಿನಲ್ ತೆರೆಯುತ್ತದೆ.

ಈ ಗಡಿಬಿಡಿಯಲ್ಲಿ ಒಂದು ಕೆಲಸ ಮಾತ್ರ ಮಾಡಬೇಡಿ. 'ಪೈಥಾನೇ ಕೆಟ್ಟಿದೆ, ತೆಗೆದು ಮತ್ತೆ ಹಾಕೋಣ' ಅಂತ ಆಪ್ಟ್ ರಿಮೂವ್ ಪೈಥಾನ್3 ಕೊಡಬೇಡಿ. ಅದು ಯಾವುದನ್ನೆಲ್ಲ ತೆಗೆಯುತ್ತೇನೆ ಅಂತ ಉದ್ದನೆಯ ಪಟ್ಟಿ ತೋರಿಸಿ ವೈ ಒತ್ತಲು ಕೇಳುತ್ತದೆ. ಆ ಪಟ್ಟಿಯಲ್ಲಿ ಉಬುಂಟು-ಡೆಸ್ಕ್‌ಟಾಪ್ ಅಂತಲೂ ಇರುತ್ತದೆ. ನಾವೆಲ್ಲ ಪಟ್ಟಿ ಓದದೆ ವೈ ಒತ್ತಿ ರೂಢಿ, ಅಲ್ವಾ? ಹಾಗೆ ಒತ್ತಿದವರ ಪತ್ರಗಳೂ ನನ್ನ ಬಳಿ ಇವೆ. ಅವರಿಗೆ ಡೆಸ್ಕ್‌ಟಾಪ್ ಪೂರ್ತಿ ಹೋಗಿ ಕಪ್ಪು ಪರದೆಯಷ್ಟೇ ಉಳಿದಿತ್ತು.

ಇನ್ನು ನಿಮ್ಮ 3.12. ಅದು ಯಂತ್ರದಲ್ಲಿ ಇರುವುದರಲ್ಲಿ ತಪ್ಪೇನೂ ಇಲ್ಲ. ಡೆಡ್‌ಸ್ನೇಕ್ಸ್ ಎಂಬ ಪಿಪಿಎಯಿಂದ (ಉಬುಂಟುವಿನ ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ) ಹಾಕಿದ್ದರೆ ಅದು ಪೈಥಾನ್3.12 ಅನ್ನುವ ಪೂರ್ತಿ ಹೆಸರಿನಲ್ಲಿ ಪಕ್ಕದಲ್ಲಿ ಕೂರುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಎರಡೂ ಇರಲಿ. ಪೈಥಾನ್3.12-ವೆನ್ವ್ ಎಂಬ ಪ್ಯಾಕೇಜನ್ನೂ (ಪ್ರತಿ ಪ್ರಾಜೆಕ್ಟಿಗೂ ಬೇರೆ ಪೈಥಾನ್ ಜಾಗ ಮಾಡಿಕೊಡುವುದು ಇದು) ಹಾಕಿಕೊಂಡು, ಪ್ರಾಜೆಕ್ಟಿನ ಫೋಲ್ಡರಿಗೆ ಹೋಗಿ 'ಪೈಥಾನ್3.12 -ಎಂ ವೆನ್ವ್ .ವೆನ್ವ್' ಕೊಡಿ. ಆಮೇಲೆ 'ಸೋರ್ಸ್ .ವೆನ್ವ್/ಬಿನ್/ಆ್ಯಕ್ಟಿವೇಟ್'. ಆ ಟರ್ಮಿನಲ್ ಕಿಟಕಿಯೊಳಗೆ ಪೈಥಾನ್ ಅಂದರೆ 3.12. ಕಿಟಕಿ ಮುಚ್ಚಿದರೆ ಯಂತ್ರ ತನ್ನ ಪಾಡಿಗೆ 3.10ರಲ್ಲಿ ಇರುತ್ತದೆ. ಪೈಥಾನ್ 3.3ರಿಂದಲೂ, ಅಂದರೆ 2012ರಿಂದ, ಈ ವೆನ್ವ್ ಪೈಥಾನಿನ ಜೊತೆಗೇ ಇದೆ. ಆದರೂ ವಿಡಿಯೊ ಮಾಡುವವರಿಗೆ ಯಂತ್ರದ ಹೆಸರು ಬದಲಿಸುವುದರಲ್ಲೇ ಪ್ರೀತಿ.

ಅಂದ ಹಾಗೆ ನನ್ನ ಲ್ಯಾಬಿನ ಮೂವತ್ತಾರು ಯಂತ್ರ ಸರಿಹೋದದ್ದು ಹನ್ನೊಂದೂಕಾಲಕ್ಕೆ. ಒಂದೊಂದರ ಮುಂದೂ ನಿಂತು ಎಫ್3 ಒತ್ತಿದೆ. ಪರೀಕ್ಷೆ ಮಧ್ಯಾಹ್ನಕ್ಕೆ ಹೋಯಿತು. ಮಕ್ಕಳು ಮಾತ್ರ ಖುಷಿಯಾಗಿದ್ದರು, ಓದಲು ಎರಡು ಗಂಟೆ ಜಾಸ್ತಿ ಸಿಕ್ಕಿತಲ್ಲ.

ಪ್ರಶ್ನೆ: ಡೆಬಿಯನ್ 12ಕ್ಕೆ ಬಂದ ಮೇಲೆ (ಪೈಥಾನ್ ಪ್ಯಾಕೇಜುಗಳನ್ನು ತರುವ) ಪಿಪ್ ಇನ್‌ಸ್ಟಾಲ್ ಅಂದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್' ಅಂತ ಬೈಯುತ್ತದೆ. ಮೊದಲು ಸುಡೊ ಪಿಪ್ ಅಂತ ಎಲ್ಲ ಹಾಕುತ್ತಿದ್ದೆ, ಏನೂ ತೊಂದರೆ ಇರಲಿಲ್ಲ. '--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್' ಅಂತ ಸೇರಿಸಿದರೆ ಕೆಲಸ ಆಗುತ್ತದೆ ಅಂತ ಗೆಳೆಯ ಹೇಳಿದ. ಹಾಗೆ ಮಾಡಬಹುದಾ?
— ಓದುಗರೊಬ್ಬರು, ಶಿರಸಿ

ಉತ್ತರ: ಶಿರಸಿಯವರು ನೀವು, ನಿಮಗೆ ಅಪ್ಪೆಮಿಡಿ ಭರಣಿಯ ವಿಷಯ ಹೇಳಿಕೊಡಬೇಕಾಗಿಲ್ಲ. ನಮ್ಮ ಅಜ್ಜಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದಳು. ಒಣ ಸೌಟಿನಲ್ಲಿ ಒಂದಿಷ್ಟು ತೆಗೆದು ಪುಟ್ಟ ಬಟ್ಟಲಿಗೆ ಹಾಕಿ ಕೊಡುವಳು. ಬಟ್ಟಲಿಗೆ ನೀವು ಒದ್ದೆ ಚಮಚ ಹಾಕಿ, ಕೈ ಹಾಕಿ, ಯಾರೂ ಕೇಳುವುದಿಲ್ಲ. ಭರಣಿಗೆ ಒದ್ದೆ ಸೌಟು ಹಾಕಿದಿರೋ, ಅವತ್ತು ಏನೂ ಆಗುವುದಿಲ್ಲ. ಉಪ್ಪಿನಕಾಯಿ ರುಚಿಯಾಗಿಯೇ ಇರುತ್ತದೆ. ಹದಿನೈದು ದಿನ ಬಿಟ್ಟು ಬಟ್ಟೆ ಬಿಚ್ಚಿದರೆ ಬಿಳೀ ಬೂಷ್ಟು. ಆ ಹೊತ್ತಿಗೆ ಸೌಟು ಹಾಕಿದವರು ಯಾರು ಅಂತ ಯಾರಿಗೂ ನೆನಪಿಲ್ಲ.

ಸುಡೊ ಪಿಪ್ ಅನ್ನುವುದು ಒದ್ದೆ ಸೌಟು. 'ಏನೂ ತೊಂದರೆ ಇರಲಿಲ್ಲ' ಅಂತ ನೀವು ಬರೆದದ್ದು ಆ ಹದಿನೈದು ದಿನದೊಳಗಿನ ಮಾತು.

ಒಳಗೆ ನಡೆಯುವುದನ್ನು ಹತ್ತಿರದಿಂದ ನೋಡಿ. ಡೆಬಿಯನ್ನಿನ ಆಪ್ಟ್ ತನ್ನ ಪೈಥಾನ್ ಸಾಮಾನುಗಳನ್ನು ಇಡುವುದು /ಯುಎಸ್ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್ ಎಂಬಲ್ಲಿ. ಸುಡೊ ಪಿಪ್ ಇಡುವುದು /ಯುಎಸ್ಆರ್/ಲೋಕಲ್/ಲಿಬ್/ಪೈಥಾನ್3.11/ಡಿಸ್ಟ್-ಪ್ಯಾಕೇಜಸ್‌ನಲ್ಲಿ. ಬೇರೆ ಬೇರೆ ಜಾಗ, ಮತ್ತೇನು ತೊಂದರೆ? ಪೈಥಾನ್ ಹುಡುಕುವಾಗ ಲೋಕಲ್ ಫೋಲ್ಡರನ್ನು ಮೊದಲು ನೋಡುತ್ತದೆ, ತೊಂದರೆ ಇರುವುದೇ ಅಲ್ಲಿ. ನೀವು ಯಾವುದೋ ಒಂದು ಪ್ಯಾಕೇಜ್ ಹಾಕುತ್ತೀರಿ. ಅದು ತನಗೆ ಬೇಕು ಅಂತ ಯುಆರ್‌ಎಲ್‌ಲಿಬ್3 ಎಂಬುದರ ಹೊಸ ಆವೃತ್ತಿಯನ್ನು ಜೊತೆಗೆ ಎಳೆದು ತರುತ್ತದೆ. ಈಗ ಡೆಬಿಯನ್ನಿನ ಯಾವುದೋ ಉಪಕರಣ ಹಳೆಯ ಯುಆರ್‌ಎಲ್‌ಲಿಬ್3 ಇರುತ್ತದೆ ಅಂತ ನಂಬಿಕೊಂಡು ಎದ್ದರೆ, ಅದರ ಕೈಗೆ ಸಿಗುವುದು ನಿಮ್ಮ ಹೊಸದು. ಅದು ಬೀಳುವ ದಿನ ನಿಮಗೆ ಪಿಪ್ಪಿನ ನೆನಪೇ ಇರುವುದಿಲ್ಲ. 'ಅಪ್‌ಡೇಟ್ ಮಾಡಿದ ಮೇಲೆ ಕೆಟ್ಟಿತು' ಅಂತ ಡೆಬಿಯನ್ನನ್ನು ಬೈಯುತ್ತೀರಿ.

ಇಂಥ ಜಗಳಗಳು ಜಾಸ್ತಿಯಾಗಿ, ಪೆಪ್ 668 ಅಂತ ಪೈಥಾನಿನವರೇ ಒಂದು ನಿಯಮ ಮಾಡಿದರು. ಈ ಪೈಥಾನ್ ಆಪ್ಟಿನ ಸುಪರ್ದಿಯಲ್ಲಿದೆ ಅಂತ ಒಂದು ಗುರುತಿನ ಫೈಲ್ ಇಟ್ಟರೆ ಪಿಪ್ ಅಲ್ಲಿ ಕೈ ಹಾಕುವುದಿಲ್ಲ. 2023ರಲ್ಲಿ ಬಂದ ಡೆಬಿಯನ್ 12 ಆ ಫೈಲನ್ನು ಇಟ್ಟಿದೆ. ಉಬುಂಟು 23.04ರಿಂದ ಈಚೆಗೂ ಹಾಗೇ. ಗೆಳೆಯರು ಹೇಳಿದ ಸ್ವಿಚ್ಚಿನ ಹೆಸರನ್ನು ಒಮ್ಮೆ ನಿಧಾನವಾಗಿ ಓದಿ. 'ಸಿಸ್ಟಮ್ ಪ್ಯಾಕೇಜುಗಳನ್ನು ಮುರಿ' ಅಂತಲೇ ಇದೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ನೀವು ಮಾಡಬೇಕಾದದ್ದು ಇಷ್ಟು. ಬೇಕಾದ ಲೈಬ್ರರಿ ಆಪ್ಟಿನಲ್ಲೇ ಇದೆಯಾ ನೋಡಿ, ಪೈಥಾನ್3-ನಂಪೈ ಅನ್ನುವ ಹಾಗೆ ಹೆಸರು ಇರುತ್ತದೆ. ಇದ್ದರೆ ಅದೇ ಹಾಕಿ, ಅದು ಅಜ್ಜಿಯೇ ಭರಣಿಗೆ ಹಾಕಿದ್ದು. ಇಲ್ಲದಿದ್ದರೆ ಪ್ರತಿ ಪ್ರಾಜೆಕ್ಟಿಗೂ ಒಂದು ವೆನ್ವ್, ಅದು ನಿಮ್ಮ ಬಟ್ಟಲು. ಯುಟ್ಯೂಬಿನಿಂದ ಇಳಿಸುವ ವೈಟಿ-ಡಿಎಲ್‌ಪಿಯಂಥ ಪೂರ್ತಿ ಪ್ರೋಗ್ರಾಂ ಬೇಕಿದ್ದರೆ ಪಿಪ್‌ಎಕ್ಸ್ ಹಾಕಿಕೊಳ್ಳಿ. ಅದು ಒಂದೊಂದು ಪ್ರೋಗ್ರಾಮಿಗೂ ಗುಟ್ಟಾಗಿ ಒಂದೊಂದು ಬಟ್ಟಲು ಮಾಡಿಕೊಂಡು, ಕಮಾಂಡನ್ನು ಮಾತ್ರ ನಿಮಗೆ ಕೊಡುತ್ತದೆ.

ಹಳೇ ಒದ್ದೆ ಸೌಟಿನ ಗುರುತು ಉಳಿದಿದೆಯಾ ನೋಡಲು ಆ ಲೋಕಲ್ ಫೋಲ್ಡರನ್ನು ಎಲ್‌ಎಸ್ ಮಾಡಿ. ಖಾಲಿ ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ಅಲ್ಲಿ ಕಂಡ ಹೆಸರುಗಳನ್ನು ಬರೆದಿಟ್ಟುಕೊಂಡು ಒಂದೊಂದಾಗಿ ಸುಡೊ ಪಿಪ್ ಅನ್‌ಇನ್‌ಸ್ಟಾಲ್ ಕೊಡಿ. ತಮಾಷೆ ಏನು ಗೊತ್ತಾ? ತೆಗೆಯುವಾಗಲೂ ಪಿಪ್ ಅದೇ ತಕರಾರು ಮಾಡುತ್ತದೆ. ಆ ಭಯಂಕರ ಹೆಸರಿನ ಸ್ವಿಚ್ಚನ್ನು ಬಳಸಲು ನಾನು ಒಪ್ಪುವುದು ಇಲ್ಲಿ ಮಾತ್ರ.

ಇನ್ನೊಂದು. ವೆನ್ವ್ ಫೋಲ್ಡರನ್ನು ಬೇರೆ ಕಡೆಗೆ ಎತ್ತಿಡಬೇಡಿ. ಅದರೊಳಗಿನ ಫೈಲುಗಳಲ್ಲಿ ಪೂರ್ತಿ ವಿಳಾಸ ಬರೆದಿರುತ್ತದೆ, ಜಾಗ ಬದಲಾದರೆ ದಾರಿ ತಪ್ಪುತ್ತದೆ. ಡೆಬಿಯನ್ 13ಕ್ಕೆ ಹೋದಾಗಲೂ ಅಷ್ಟೆ, ಅಲ್ಲಿರುವುದು ಪೈಥಾನ್ 3.13, ಹಳೇ ಬಟ್ಟಲು ನಡೆಯುವುದಿಲ್ಲ. ಪ್ಯಾಕೇಜುಗಳ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ ಫೈಲಿನಲ್ಲಿ ಇಟ್ಟುಕೊಂಡಿದ್ದರೆ, ಹಳೇ ವೆನ್ವ್ ಅಳಿಸಿ ಹೊಸದು ಮಾಡಲು ಒಂದು ಲೋಟ ಕಾಫಿಯ ಸಮಯ ಸಾಕು.

ಪ್ರಶ್ನೆ: ನಮ್ಮ ಕಚೇರಿಯ ಹಳೇ ಸೆಂಟ್‌ಓಎಸ್ 7 ಸರ್ವರಿನಲ್ಲಿ ಪೈಥಾನ್ ಅಂದರೆ ಪೈಥಾನ್ 3 ಬರುವ ಹಾಗೆ ಲಿಂಕ್ ಬದಲಿಸಿದೆ. ಈಗ ಪ್ಯಾಕೇಜ್ ಹಾಕುವ ಯಮ್ ಓಡುವುದಿಲ್ಲ, ಸಿಂಟ್ಯಾಕ್ಸ್ ಎರರ್ ಅನ್ನುತ್ತದೆ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಾವಣಗೆರೆಯವರ ಕಾಯಿಲೆಯೇ, ಊರು ಬೇರೆ. ಸೆಂಟ್‌ಓಎಸ್ 7ರ ಯಮ್ ಬರೆದದ್ದು ಪೈಥಾನ್ 2.7ರಲ್ಲಿ. ಎರರ್ ಬಂದ ಸಾಲು ನೋಡಿ, 'ಎಕ್ಸೆಪ್ಟ್ ಕೀಬೋರ್ಡ್‌ಇಂಟರಪ್ಟ್, ಇ' ಅಂತ ಇರುತ್ತದೆ. ನಡುವಿನ ಆ ಅಲ್ಪವಿರಾಮ ಪೈಥಾನ್ 2ರ ಬರವಣಿಗೆ, 3ಕ್ಕೆ ಅರ್ಥವಾಗುವುದಿಲ್ಲ. /ಯುಎಸ್ಆರ್/ಬಿನ್/ಪೈಥಾನ್ ಕೊಂಡಿಯನ್ನು ಪೈಥಾನ್2ಕ್ಕೆ ವಾಪಸ್ ಕಟ್ಟಿ, ಯಮ್ ಏಳುತ್ತದೆ. ಯಮ್ಮಿನ ಮೊದಲ ಸಾಲನ್ನು ತಿದ್ದಿ ಅಂತ ಕೆಲವರು ಹೇಳುತ್ತಾರೆ. ಒಂದು ತಿದ್ದಿದರೆ ಮುಗಿಯುವುದಿಲ್ಲ, ಅದರ ಸಹಾಯಕ ಸ್ಕ್ರಿಪ್ಟುಗಳನ್ನೂ ಹುಡುಕುತ್ತಾ ಹೋಗಬೇಕು.

ಈ ಗೋಳನ್ನು ನೋಡಿ ನೋಡಿಯೇ ಇರಬೇಕು, ರೆಡ್‌ಹ್ಯಾಟಿನವರು 2019ರಲ್ಲಿ ಬಂದ ಆವೃತ್ತಿ 8ರಲ್ಲಿ ಸಿಸ್ಟಮ್ಮಿನ ಕೆಲಸಕ್ಕೆ 'ಪ್ಲಾಟ್‌ಫಾರ್ಮ್-ಪೈಥಾನ್' ಅಂತ ಬೇರೆಯದನ್ನೇ /ಯುಎಸ್ಆರ್/ಲಿಬ್‌ಎಕ್ಸೆಕ್ ಒಳಗೆ ಅಡಗಿಸಿಟ್ಟರು. ನನಗಂತೂ ಆ ಉಪಾಯ ಬಹಳ ಇಷ್ಟ. ಮಕ್ಕಳ ಕೈಗೆ ಸಿಗದ ಹಾಗೆ ಭರಣಿಯನ್ನು ಅಟ್ಟಕ್ಕೆ ಏರಿಸಿದ ಹಾಗೆ.

ಲಿಂಕಿಗಿಂತ ದೊಡ್ಡ ಚಿಂತೆ ಬೇರೆ ಇದೆ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ಯಮ್ ಎದ್ದರೂ ತರುವುದಕ್ಕೆ ಹೊಸ ಭದ್ರತಾ ಅಪ್‌ಡೇಟುಗಳೇ ಇಲ್ಲ. ಸಾಹೇಬರಿಗೆ ಇದನ್ನು ಬರಹದಲ್ಲಿ ಕೊಡಿ, ನಾಳೆ ನಿಮ್ಮ ಮೇಲೆ ಬರುವುದು ಬೇಡ.

ಪ್ರಶ್ನೆ: ನನ್ನ ಹಳೇ ಪ್ರಾಜೆಕ್ಟ್ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) 14ರಲ್ಲಿ, ಹೊಸದು 22ರಲ್ಲಿ. ಆವೃತ್ತಿ ಬದಲಿಸಿಕೊಡುವ ಎನ್‌ವಿಎಂ ಹಾಕಿದ ಮೇಲೆ ಎರಡೂ ಚೆನ್ನಾಗಿ ಓಡುತ್ತಿವೆ. ಆದರೆ ರಾತ್ರಿ ಓಡಲಿ ಅಂತ ಕ್ರಾನಿನಲ್ಲಿ ಹಾಕಿದ ಸ್ಕ್ರಿಪ್ಟು ಮಾತ್ರ 'ನೋಡ್: ಕಮಾಂಡ್ ನಾಟ್ ಫೌಂಡ್' ಅನ್ನುತ್ತದೆ. ಕೈಯಲ್ಲಿ ಓಡಿಸಿದರೆ ಸರಿ. ಸುಡೊ ಹಾಕಿದರೂ ಅದೇ ಎರರ್.
— ಓದುಗರೊಬ್ಬರು, ಮಂಗಳೂರು

ಉತ್ತರ: ಎನ್‌ವಿಎಂ ಬಳಸಿದ್ದು ಒಳ್ಳೆಯದೇ ಆಯಿತು. ಉಬುಂಟು 22.04ರ ಆಪ್ಟಿನಲ್ಲಿ ಸಿಗುವುದು ನೋಡ್ 12. ಆ ನೋಡ್ 12ರ ಬೆಂಬಲ ಮುಗಿದದ್ದು 2022ರ ಏಪ್ರಿಲ್‌ನಲ್ಲಿ. ಉಬುಂಟು 22.04 ಬಂದದ್ದೂ ಅದೇ ತಿಂಗಳು! ಮಗುವಿನ ನಾಮಕರಣದ ದಿನವೇ ಅಜ್ಜನಿಗೆ ನಿವೃತ್ತಿ.

ನಿಮ್ಮ ತೊಂದರೆಗೆ ಕಾರಣ, ಎನ್‌ವಿಎಂ ಅನ್ನುವುದು ಒಂದು ಪ್ರೋಗ್ರಾಂ ಅಲ್ಲ. ಅದು ನಿಮ್ಮ .ಬ್ಯಾಶ್‌ಆರ್‌ಸಿ ಫೈಲಿನ ಕೊನೆಯಲ್ಲಿ ಎರಡು ಮೂರು ಸಾಲು ಸೇರಿಸಿಕೊಂಡು, ನೀವು ಕಿಟಕಿ ತೆರೆದಾಗ ಮಾತ್ರ ಹುಟ್ಟುವ ಶೆಲ್ ಫಂಕ್ಷನ್. ಕ್ರಾನ್ ಯಾವ ಕಿಟಕಿಯನ್ನೂ ತೆರೆಯುವುದಿಲ್ಲ, .ಬ್ಯಾಶ್‌ಆರ್‌ಸಿ ಓದುವುದಿಲ್ಲ. ಒತ್ತಾಯ ಮಾಡಿ ಓದಿಸಿದರೂ ಉಪಯೋಗವಿಲ್ಲ. ಉಬುಂಟುವಿನ .ಬ್ಯಾಶ್‌ಆರ್‌ಸಿ ಫೈಲನ್ನು ತೆರೆದು ಮೇಲಿನ ಸಾಲುಗಳನ್ನು ನೋಡಿ. 'ಎದುರಿಗೆ ಮನುಷ್ಯ ಕೂತಿಲ್ಲದಿದ್ದರೆ ಇಲ್ಲಿಂದಲೇ ವಾಪಸ್ ಹೋಗು' ಅನ್ನುವ ಅರ್ಥದ ಮಾತು ಅಲ್ಲೇ ಇದೆ. ಎನ್‌ವಿಎಂ ಸಾಲು ಕೊನೆಯಲ್ಲಿ. ಅಲ್ಲಿಗೆ ತಲುಪುವುದೇ ಇಲ್ಲ.

ಸುಡೊ ಕಥೆ ಬೇರೆ. ಅದು ನಿಮ್ಮ ಪಾತ್ (ಕಮಾಂಡ್ ಹುಡುಕುವ ಫೋಲ್ಡರುಗಳ ಪಟ್ಟಿ) ಬಿಟ್ಟು ತನ್ನದೇ ಆದ 'ಸೆಕ್ಯೂರ್ ಪಾತ್' ಇಟ್ಟುಕೊಂಡಿದೆ, ಅದರಲ್ಲಿ ನಿಮ್ಮ ಮನೆ ಫೋಲ್ಡರ್ ಇರುವುದಿಲ್ಲ. ಇರಬಾರದು ಕೂಡ. ನಿಮ್ಮ ಮನೆಯಲ್ಲಿ ಯಾರೋ ನೋಡ್ ಅಂತ ಹೆಸರಿಟ್ಟ ಕೆಟ್ಟ ಫೈಲ್ ಹಾಕಿದರೆ ಅದು ರೂಟ್ ಆಗಿ ಓಡಬಾರದಲ್ಲ.

ಕ್ರಾನಿಗೆ ಪೂರ್ತಿ ವಿಳಾಸ ಕೊಟ್ಟುಬಿಡಿ. ಕಿಟಕಿಯಲ್ಲಿ 'ಎನ್‌ವಿಎಂ ವಿಚ್ 22' ಅಂದರೆ ಅದು ಹೇಳುತ್ತದೆ, ಮನೆ ಫೋಲ್ಡರಿನ .ಎನ್‌ವಿಎಂ/ವರ್ಷನ್ಸ್/ನೋಡ್ ಒಳಗೆ ಇರುತ್ತದೆ. ಆವೃತ್ತಿ ಬದಲಿಸಿದ ದಿನ ಕ್ರಾನ್ ಸಾಲನ್ನೂ ಬದಲಿಸಬೇಕು, ಅದೊಂದು ರಗಳೆ. ನಾನು ಕ್ರಾನ್ ಸಾಲಿನ ಪಕ್ಕದಲ್ಲೇ ಕಾಮೆಂಟ್ ಬರೆದಿಡುತ್ತೇನೆ. ಎರಡೂ ಪ್ರಾಜೆಕ್ಟುಗಳಲ್ಲಿ .ಎನ್‌ವಿಎಂಆರ್‌ಸಿ ಎಂಬ ಫೈಲ್ ಮಾಡಿ 14, 22 ಅಂತ ಬರೆದಿಡಿ. ಫೋಲ್ಡರಿಗೆ ಹೋಗಿ ಬರೀ 'ಎನ್‌ವಿಎಂ ಯೂಸ್' ಅಂದರೆ ಸಾಕು.

ಮುಂದೊಂದು ದಿನ ಹಳೇ ಪ್ರಾಜೆಕ್ಟನ್ನು 22ರಲ್ಲಿ ಓಡಿಸಲು ಹೋಗಿ 'ಓಎಸ್‌ಎಸ್‌ಎಲ್ ಇವಿಪಿ ಅನ್‌ಸಪೋರ್ಟೆಡ್' ಎಂಬ ಎರರ್ ಕಂಡರೆ ಗಾಬರಿ ಬೇಡ. ನೋಡ್ 17ರಿಂದ ಓಪನ್‌ಎಸ್‌ಎಸ್‌ಎಲ್ 3 ಬಂತು, ವೆಬ್‌ಪ್ಯಾಕ್ 4 ಬಳಸುತ್ತಿದ್ದ ಎಂಡಿ4 ಎಂಬ ಹಳೇ ಹ್ಯಾಶನ್ನು ಅದು ಒಪ್ಪುವುದಿಲ್ಲ. 'ಲೆಗಸಿ ಪ್ರೊವೈಡರ್' ಸ್ವಿಚ್ ಹಾಕಿ ಬಾಯಿ ಮುಚ್ಚಿಸಬಹುದು. ಅದು ಕೈಬಿಟ್ಟ ಹಳೇ ವಿಧಾನಗಳನ್ನೆಲ್ಲ ಒಟ್ಟಿಗೆ ಒಳಗೆ ಬಿಟ್ಟುಕೊಳ್ಳುವ ಸ್ವಿಚ್ಚು. ವೆಬ್‌ಪ್ಯಾಕ್ 5ಕ್ಕೆ ಹೋಗುವುದೇ ಸರಿ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ಒಂದು ವಿಷಯಕ್ಕೆ ಜಾವಾ 8, ಇನ್ನೊಂದಕ್ಕೆ 17. ಎರಡನ್ನೂ ಹಾಕಿದ್ದೇವೆ. ಕಂಪೈಲ್ ಆಗುತ್ತದೆ, ಓಡಿಸಿದರೆ 'ಕ್ಲಾಸ್ ಫೈಲ್ ವರ್ಷನ್ 61.0' ಅಂತ ಏನೋ ಹೇಳಿ ನಿಲ್ಲುತ್ತದೆ. ಇಲ್ಲೂ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಬಳಸಬಾರದಾ?
— ಉಪನ್ಯಾಸಕರೊಬ್ಬರು, ಕಲಬುರಗಿ

ಉತ್ತರ: ಇಲ್ಲಿ ಧಾರಾಳವಾಗಿ ಬಳಸಿ. ಮೇಲೆ ಬೇಡ ಅಂದು ಇಲ್ಲಿ ಬೇಕು ಅಂತೀನಲ್ಲ, ಯಾಕೆ? ಜಾವಾ ಇಲ್ಲದೆಯೂ ಉಬುಂಟು ಏಳುತ್ತದೆ, ಓಡುತ್ತದೆ, ಅಪ್‌ಡೇಟ್ ಆಗುತ್ತದೆ. ಜಾವಾ ನಿಮ್ಮದು. ಪ್ಯಾಕೇಜ್ ಮಾಡಿದವರೇ ಆಲ್ಟರ್ನೇಟಿವ್ಸ್ ಪಟ್ಟಿಗೆ ಅದನ್ನು ಸೇರಿಸಿರುತ್ತಾರೆ. ಪೈಥಾನ್3ನ್ನು ಆ ಪಟ್ಟಿಗೆ ಸೇರಿಸಿದ್ದು ಉಬುಂಟುವಿನವರಲ್ಲ, ವಿಡಿಯೊದವರು. ನೀವಾಗಿ ಏನನ್ನೂ ಸೇರಿಸದೆ, ಪಟ್ಟಿಯಲ್ಲಿ ಇರುವುದನ್ನು ಆರಿಸುವುದಷ್ಟೇ ಆದರೆ ಸಾಮಾನ್ಯವಾಗಿ ಭಯವಿಲ್ಲ.

61 ಅಂದರೆ ಜಾವಾ 17. 52 ಅಂದರೆ 8. 55 ಅಂದರೆ 11, 65 ಅಂದರೆ 21. ನಿಮ್ಮಲ್ಲಿ ಕಂಪೈಲ್ ಮಾಡುವ ಜಾವಾಸಿ 17ರದ್ದು, ಓಡಿಸುವ ಜಾವಾ 8ರದ್ದು. ಇವೆರಡೂ ಪಟ್ಟಿಯಲ್ಲಿ ಬೇರೆ ಬೇರೆ ಹೆಸರು, ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಒಂದೇ ಏಟಿಗೆ ಎಲ್ಲ ಬದಲಿಸಲು ಅಪ್‌ಡೇಟ್-ಜಾವಾ-ಆಲ್ಟರ್ನೇಟಿವ್ಸ್ ಅಂತಲೇ ಒಂದಿದೆ. ಜಾವಾ_ಹೋಮ್ ಎಂಬ ವೇರಿಯೆಬಲ್ಲನ್ನು ಮಾತ್ರ ಅದು ಮುಟ್ಟುವುದಿಲ್ಲ. ಪ್ರಾಜೆಕ್ಟ್ ಕಟ್ಟುವ ಮೇವನ್ ನೋಡುವುದು ಅದನ್ನೇ, ಅಲ್ಲೂ ಸರಿಮಾಡಿ. ಇಷ್ಟೆಲ್ಲ ಬೇಡ ಅಂದರೆ 17ರ ಜಾವಾಸಿಗೆ '--ರಿಲೀಸ್ 8' ಅಂತ ಕೊಟ್ಟರೆ ಅದು 8ಕ್ಕೆ ಒಗ್ಗುವ ಫೈಲನ್ನೇ ಮಾಡಿಕೊಡುತ್ತದೆ.

ಪ್ರಶ್ನೆ: ಬೇಕಾದ ಪೈಥಾನ್ ಆವೃತ್ತಿ ಹಾಕಿಕೊಡುವ ಪೈಎನ್ವ್ ಹಾಕಿ 3.11 ಇಳಿಸಲು ಹೋದೆ. ನನ್ನ 4 ಜಿಬಿ ಲ್ಯಾಪ್‌ಟಾಪ್ ಫ್ಯಾನು ಹೆಲಿಕಾಪ್ಟರಿನ ಹಾಗೆ ತಿರುಗಿದ್ದೇ ಬಂತು. ಕೊನೆಯಲ್ಲಿ 'ಬಿಲ್ಡ್ ಫೇಲ್ಡ್' ಅಂತ ನಿಂತಿತು, ಎಸ್‌ಎಸ್‌ಎಲ್ ಮಾಡ್ಯೂಲ್ ಇಲ್ಲವಂತೆ.
— ಓದುಗರೊಬ್ಬರು, ಪುಣೆ

ಉತ್ತರ: ಪೈಎನ್ವ್ ಪೈಥಾನನ್ನು ಇಳಿಸುವುದಿಲ್ಲ, ಸೋರ್ಸ್ ತಂದು ನಿಮ್ಮ ಯಂತ್ರದಲ್ಲೇ ಕಟ್ಟುತ್ತದೆ. ಫ್ಯಾನು ತಿರುಗಿದ್ದು ಅದಕ್ಕೇ. ಕಟ್ಟುವಾಗ ಓಪನ್‌ಎಸ್‌ಎಸ್‌ಎಲ್ಲಿನ ಡೆವ್ ಪ್ಯಾಕೇಜ್ ಸಿಗದಿದ್ದರೆ ಎಸ್‌ಎಸ್‌ಎಲ್ ಭಾಗ ಆಗುವುದಿಲ್ಲ, ಪೈಎನ್ವ್ ಅಲ್ಲಿಗೇ ಕೈಚೆಲ್ಲುತ್ತದೆ. ಉಬುಂಟು ಆದರೆ ಲಿಬ್‌ಎಸ್‌ಎಸ್‌ಎಲ್-ಡೆವ್, ಝಡ್‌ಲಿಬ್1ಜಿ-ಡೆವ್, ಲಿಬ್‌ಎಫ್‌ಎಫ್‌ಐ-ಡೆವ್, ಲಿಬ್‌ಎಸ್‌ಕ್ಯುಲೈಟ್3-ಡೆವ್, ಲಿಬ್‌ಬಿಝಡ್2-ಡೆವ್, ಲಿಬ್‌ರೀಡ್‌ಲೈನ್-ಡೆವ್, ಲಿಬ್‌ಎಲ್‌ಝಡ್‌ಎಂಎ-ಡೆವ್ ಇಷ್ಟನ್ನೂ ಆಪ್ಟಿನಲ್ಲಿ ಹಾಕಿ, 3.11 ಮತ್ತೆ ಕಟ್ಟಿಸಿ.

4 ಜಿಬಿಯ ಯಂತ್ರಕ್ಕೆ ನನ್ನನ್ನು ಕೇಳಿದರೆ ಯುವಿ ಎಂಬ ಉಪಕರಣ ಒಳ್ಳೆಯದು. 2024ರಲ್ಲಿ ಬಂದದ್ದು, ರಸ್ಟ್ ಭಾಷೆಯಲ್ಲಿ ಬರೆದದ್ದು. 'ಯುವಿ ಪೈಥಾನ್ ಇನ್‌ಸ್ಟಾಲ್ 3.11' ಅಂದರೆ ಮೊದಲೇ ಕಟ್ಟಿಟ್ಟ ಪೈಥಾನನ್ನು ತಂದು ಮನೆ ಫೋಲ್ಡರಿನೊಳಗೆ ಇಡುತ್ತದೆ. ಫ್ಯಾನಿಗೆ ಗೊತ್ತೇ ಆಗುವುದಿಲ್ಲ. ಹೊಸದು ಅಂತ ನಾನೂ ಮೊದಲು ದೂರ ಇಟ್ಟಿದ್ದೆ, ಈಗ ದಿನಾ ಅದನ್ನೇ ಬಳಸುತ್ತೇನೆ.

ಪ್ರಶ್ನೆ: ಎನ್‌ವಿಎಂ, ಯುವಿ, ರಸ್ಟಪ್, ಎಲ್ಲರೂ 'ಕರ್ಲ್ ಅಂತ ಇಳಿಸಿ ಪೈಪ್ ಹಾಕಿ ನೇರ ಶೆಲ್ಲಿಗೆ ಕೊಡಿ' ಅಂತಲೇ ಹೇಳುತ್ತಾರೆ. ಹೆದರಿಕೆ ಆಗುತ್ತೆ. ನೀವು ಹಾಗೆ ಮಾಡ್ತೀರಾ?
— ಓದುಗರೊಬ್ಬರು, ಮೈಸೂರು

ಉತ್ತರ: ಮಾಡಲ್ಲ. ಪೈಪ್ ತೆಗೆದು, ಫೈಲಾಗಿ ಇಳಿಸಿಕೊಂಡು, ಲೆಸ್ ಹಾಕಿ ಓದುತ್ತೇನೆ. ಪೂರ್ತಿ ಅರ್ಥವಾಗಬೇಕು ಅಂತೇನಿಲ್ಲ. ಸ್ಲ್ಯಾಶ್ ಒತ್ತಿ ಮೊದಲು ಸುಡೊ ಅಂತ ಹುಡುಕುತ್ತೇನೆ. ಮನೆ ಫೋಲ್ಡರಿನೊಳಗೆ ಕೂರುವ ಉಪಕರಣಕ್ಕೆ ಸುಡೊ ಯಾಕೆ ಬೇಕು? ಆಮೇಲೆ ಫೈಲ್ ಅಳಿಸುವ ಆರ್‌ಎಂ. ಆಮೇಲೆ ಬ್ಯಾಶ್‌ಆರ್‌ಸಿ, ಪ್ರೊಫೈಲ್ ಎಂಬ ಹೆಸರುಗಳು, ಯಾವ ಫೈಲಿನ ಬಾಲಕ್ಕೆ ಏನು ಅಂಟಿಸುತ್ತದೆ ನೋಡಲು. ಓಡಿಸುವ ಮೊದಲು .ಬ್ಯಾಶ್‌ಆರ್‌ಸಿಯ ಒಂದು ನಕಲು ತೆಗೆದಿಡುತ್ತೇನೆ, ಓಡಿಸಿದ ಮೇಲೆ ಡಿಫ್ ಹಾಕಿ ಏನು ಬದಲಾಗಿದೆ ನೋಡುತ್ತೇನೆ. ಹೊಸ ಕಿಟಕಿ ತೆರೆದು 'ಟೈಪ್ -ಎ ಪೈಥಾನ್3' ಅನ್ನುತ್ತೇನೆ. ಯಾರ್ಯಾರು ಆ ಹೆಸರಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಾರೆ ಅಂತ ಅದು ತೋರಿಸುತ್ತದೆ. ಹೌದು, ಹೊಸ ಕಿಟಕಿ ತೆರೆದು. ಮೊದಲೇ ತೆರೆದಿದ್ದ ಕಿಟಕಿಯನ್ನು ನಂಬಿ ಕೆಟ್ಟವನು ನಾನು.